ಏಳು ಮಳೆಗಾಲದ ಬೀಜ

ಜನವರಿ 9

ಚಿಕ್ಕವಳಿಗೆ,

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ಮುಖ ಸಿಂಡರಿಸಿಕೊಂಡಿರುತ್ತೀ. ಇರಲಿ. ನಿನ್ನ ಆರೋಗ್ಯ ವಿಚಾರಿಸಿ, ನನ್ನದು ಹೇಳಿ, ಆಮೇಲೆ ವಿಷಯಕ್ಕೆ ಬರುವಷ್ಟು ಪುರುಸೊತ್ತು ನನಗಿಲ್ಲ. ಫೋನ್ ನಂಬರ್ ನೀನು ಕೊಟ್ಟಿಲ್ಲ, ಇರುವುದು ವಿಳಾಸ ಒಂದೇ. ಅದಕ್ಕೆ ಕಾಗದ.

ಅಪ್ಪನ ಗಿಡದ ಪುಸ್ತಕ ನನಗೆ ಬೇಕು. ಹಸಿರು ರಟ್ಟಿನದು. ಹತ್ತು ವರ್ಷದ ಹಿಂದೆ ನೀನು ನನಗೆ ಹೇಳದೆ ಕೇಳದೆ ಮನೆ ಬಿಟ್ಟು ಹೋದ ದಿನ ಅವನು ನಿನ್ನ ಚೀಲಕ್ಕೆ ತುರುಕಿದ್ದು.

ಯಾಕೆಂದು ಹೇಳುತ್ತೇನೆ. ರಾಷ್ಟ್ರೀಯ ಉದ್ಯಾನದ ಕೆಲಸವೆಲ್ಲ ನಿನಗೆ ಮರೆತುಹೋಗಿರಬಹುದು. ಅಪ್ಪ ಇಲ್ಲಿನ ಸಸಿತೋಟ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, ಅಂದರೆ ಮೂವತ್ತು ವರ್ಷದ ಹಿಂದೆ, ಆಗಿನ ದೊಡ್ಡ ಸಾಹೇಬರು ಎಲ್ಲಿಂದಲೋ ಹಳದಿ ಹೂವಿನ ಪೊದೆಗಿಡ ತರಿಸಿದರು. ಬಂದವರ ಕಣ್ಣಿಗೆ ಚೆಂದ, ಗುಡ್ಡದ ಮಣ್ಣೂ ಜಾರುವುದಿಲ್ಲ ಎಂದು ಹುಲ್ಲುಗಾವಲಿನ ಸುತ್ತ ನೆಡಿಸಿದರು. ಅಪ್ಪ ಮುದ್ದಿನಿಂದ ಹಳದಿರಾಣಿ ಎಂದು ಹೆಸರಿಟ್ಟ. ಈಗ ರಾಣಿಯ ಮಕ್ಕಳು ಮೊಮ್ಮಕ್ಕಳು ಸೇರಿ ಅರ್ಧ ಹುಲ್ಲುಗಾವಲು ನುಂಗಿ ಕೂತಿವೆ. ಅದರ ಬುಡದಲ್ಲಿ ಒಂದು ಎಸಳು ಹುಲ್ಲು ಏಳುವುದಿಲ್ಲ. ಹುಲ್ಲಿಲ್ಲದ ಕಡೆ ಜಿಂಕೆ ನಿಲ್ಲುವುದಿಲ್ಲ. ಕಳೆ ಕೀಳುವ ತಂಡಕ್ಕೆ ನಾನು ಮೇಲ್ವಿಚಾರಕಿಯಾಗಿ ಎಂಟು ವರ್ಷವಾಯಿತು. ಮರಿಗಿಡಗಳನ್ನು ಎಷ್ಟು ಕಿತ್ತರೂ ಅಷ್ಟೇ, ಅಪ್ಪ ನೆಟ್ಟ ತಾಯಿಗಿಡಗಳೇ ಹೋಗಬೇಕು. ಒಂದೊಂದು ತಾಯಿಗಿಡ ವರ್ಷಕ್ಕೆ ಸಾವಿರಗಟ್ಟಲೆ ಬೀಜ ಸಿಡಿಸುತ್ತದೆ. ಬಿದ್ದ ಬೀಜ ಏಳು ಮಳೆಗಾಲದವರೆಗೆ ಮಣ್ಣಿನಲ್ಲಿ ಜೀವ ಹಿಡಿದು ಮಲಗಿರುತ್ತದೆ.

ಪ್ರತಿ ತಾಯಿಗಿಡದ ಬುಡದಲ್ಲೂ ಅಪ್ಪ ನಂಬರಿನ ತಗಡು ಹೂತಿದ್ದಾನೆ. ಒಂದರಿಂದ ಮೂವತ್ತೇಳರವರೆಗಿನ ತಗಡುಗಳು ನನ್ನ ಮೇಜಿನ ಖಾನೆಯಲ್ಲಿವೆ. ಒಟ್ಟು ನಲವತ್ತು ಎಂದೇ ನಾನು ತಿಳಿದಿದ್ದೆ. ನಲವತ್ತೊಂದು ಎಂದು ಅಪ್ಪ ಸಾಯುವ ಎರಡು ದಿನ ಮುಂಚೆ ಹೇಳಿದ. ಹಾಗಾಗಿ ಇನ್ನೂ ನಾಲ್ಕು ಬಾಕಿ. ಈಗಿನ ಸಾಹೇಬರು ಖಡಾಖಂಡಿತವಾಗಿ ಹೇಳಿದ್ದಾರೆ, "ಈ ಮಳೆ ಬೀಳೋದ್ರೊಳಗೆ ನಾಲ್ಕೂ ಸಿಗ್ಲಿಲ್ಲ ಅಂದ್ರೆ ಆ ಹುಲ್ಲುಗಾವಲು ಕೈಬಿಡೋಣ ಕಣಮ್ಮಾ, ಉಳಿಯೋ ಜಾಗನಾದ್ರೂ ಉಳಿಸ್ಕೊಳ್ಳೋಣ" ಎಂದು. ಕೈಬಿಟ್ಟರೆ ನನ್ನ ಎಂಟು ವರ್ಷ ನೀರಿನಲ್ಲಿ ಹೋಮ.

ಉತ್ತರ ಬೇಡ, ಪುಸ್ತಕ ಸಾಕು.

ಅಕ್ಕ


ಜನವರಿ 30

ಅಕ್ಕ,

ಪುಸ್ತಕ ಕೊಡುವುದಿಲ್ಲ.

ನಿನ್ನ ಕಾಗದವನ್ನು ಬೈಂಡಿಂಗ್ ಮನೆಯಲ್ಲಿ, ಗೋಂದಿನ ಪಾತ್ರೆಯ ಪಕ್ಕ ನಿಂತುಕೊಂಡೇ ಓದಿದೆ. ಇಲ್ಲಿ ನಾನು ಹಳೆಯ ಪುಸ್ತಕಗಳ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯುತ್ತೇನೆ. ಗ್ರಂಥಾಲಯದವರು ಗೋಣಿಚೀಲದಲ್ಲಿ ತುಂಬಿ ಕಳಿಸುತ್ತಾರೆ, ರಟ್ಟು ಹರಿದದ್ದು, ಬೆನ್ನು ಮುರಿದದ್ದು. ಯಾವ ಹಾಳೆ ಎಲ್ಲಿಂದ ಕಳಚಿದೆ ಎಂದು ಹುಡುಕುವುದೇ ನನ್ನ ಕೆಲಸ. ಒಂದು ಸಾಲನ್ನು ಹತ್ತು ಸಲ ಓದುವ ಚಾಳಿ ಬಂದುಬಿಟ್ಟಿದೆ.

ಹೋದ ವರ್ಷ ಮಾರ್ಚಿನಲ್ಲಿ ನೀನು ಬರೆದ ಕಾಗದವನ್ನೂ ಹಾಗೆಯೇ ಓದಿದ್ದೇನೆ. ನಿನಗೆ ಮರೆತಿರಬಹುದು, ನಾನೇ ಹೇಳುತ್ತೇನೆ. "ಅಪ್ಪ ಹೋದ. ಕೊನೆಯ ಹನ್ನೊಂದು ದಿನ ಪ್ರಜ್ಞೆ ಇರಲಿಲ್ಲ. ಕಾಯಿಲೆ ಜೋರಾದ ದಿನವೇ ನಿನಗೆ ಬರೆದಿದ್ದೆ, ಅಂಚೆಯಲ್ಲಿ ಕಳೆದಿರಬೇಕು. ಎಲ್ಲ ಮುಗಿದಿದೆ, ಬರುವ ಅಗತ್ಯವಿಲ್ಲ." ಇಷ್ಟೇ. ಅದು ನನ್ನ ಕೈಸೇರಿದ್ದು ಅವನನ್ನು ಮಣ್ಣು ಮಾಡಿದ ಒಂಬತ್ತನೆಯ ದಿನ. ಸಾಹೇಬರಿಗೆ ವರದಿ ಬರೆಯುವಾಗಲೂ ನೀನು ಇದಕ್ಕಿಂತ ಉದ್ದ ಬರೆಯುತ್ತೀ.

ಹೀಗೆ ಮಾಡೋಣ. ಉಳಿದ ನಾಲ್ಕು ಗಿಡ ನಾಲ್ಕು ಹಾಳೆಯಲ್ಲಿವೆ. ಹೊಲಿಗೆ ಬಿಚ್ಚಿ ಒಂದನ್ನು ತೆಗೆದು ಇದರ ಜೊತೆ ಇಟ್ಟಿದ್ದೇನೆ, ಹರಿದಿಲ್ಲ. ಉಳಿದ ಮೂರು ಬೇಕಾದರೆ ಆ ಹನ್ನೊಂದು ದಿನ ಅಪ್ಪ ಹೇಗಿದ್ದ, ಬರಿ.

ಅಂದಹಾಗೆ ನನ್ನ ಬಾಲ್ಕನಿಯಲ್ಲಿ ನಿನ್ನ ಶತ್ರು ಹೂ ಬಿಟ್ಟಿದ್ದಾಳೆ. ಅಪ್ಪ ಪುಸ್ತಕದ ಜೊತೆ ಒಂದು ಚಿಟಿಕೆ ಬೀಜವನ್ನೂ ಕೊಟ್ಟಿದ್ದ. ಕುಂಡದಲ್ಲಿ ಎಷ್ಟು ಚೆನ್ನಾಗಿ ಬಂದಿದ್ದಾಳೆಂದರೆ ಕೆಳಗಿನ ಮನೆಯವರು ಕಡ್ಡಿ ಕೇಳುತ್ತಾರೆ.

ಚೀಲಕ್ಕೆ ಪುಸ್ತಕ ತುರುಕಿಸಿಕೊಂಡವಳು


ಮಾರ್ಚ್ 4

ಚಿಕ್ಕವಳಿಗೆ,

ನಿನ್ನ ಹಾಳೆ ನಂಬಿ ಒಂದು ತಿಂಗಳು ಮಣ್ಣುಪಾಲಾಯಿತು.

"38. ಸೀಳುಬಂಡೆಯಿಂದ ಉತ್ತರಕ್ಕೆ 120, ಅಲ್ಲಿಂದ ಹಳ್ಳದ ಕಡೆ 45." ಅಪ್ಪನ ಅಕ್ಷರ, ಸುಳ್ಳಲ್ಲ. ಸೀಳುಬಂಡೆ ನನಗೆ ಗೊತ್ತು. ಈ ಉದ್ಯಾನದಲ್ಲಿ ಎಲ್ಲರೂ ದೂರವನ್ನು ಹೆಜ್ಜೆಯಲ್ಲೇ ಅಳೆಯುವುದು, ನಾನೂ ಅಳೆದೆ. ಸಿಗಲಿಲ್ಲ. ಟೇಪು ಹಿಡಿದು ಮೀಟರಿನಲ್ಲಿ ಅಳೆದೆ. ಸಿಗಲಿಲ್ಲ. ಆಳೆತ್ತರದ ಮುಳ್ಳು, ಹನ್ನೆರಡು ಜನ ಕತ್ತಿ ಹಿಡಿದು ದಿನಕ್ಕೆ ಒಂದು ಕೋಣೆಯಷ್ಟು ಜಾಗ ಸವರುತ್ತಾ ಹೋದೆವು. ತಂಡದ ಒಬ್ಬಳು ಹಳ್ಳಕ್ಕೆ ಜಾರಿ ಮಣಿಕಟ್ಟು ಮುರಿದುಕೊಂಡಳು. ಅವಳಿಗೆ ಎರಡು ಮಕ್ಕಳು. ನಿನ್ನ ಆಟಕ್ಕೆ ಅವಳ ಕೈ ಹೋಯಿತು ಎಂದು ತಿಳಿದುಕೋ.

ಆ ಹನ್ನೊಂದು ದಿನದ ಬಗ್ಗೆ ಹೇಳಲು ಏನೂ ಇಲ್ಲ. ಪ್ರಜ್ಞೆ ಇಲ್ಲದ ಮನುಷ್ಯ ಹೇಗಿರುತ್ತಾನೋ ಹಾಗಿದ್ದ. ಉಸಿರಾಡುತ್ತಿದ್ದ, ಆಮೇಲೆ ಆಡಲಿಲ್ಲ. ಸಾಕೇ?

ಕುಂಡದಲ್ಲಿರುವುದನ್ನು ಬೇರು ಸಮೇತ ಕಿತ್ತು ಸುಡು. ಕಾಯಿ ಬಲಿತು ಒಡೆಯುವುದು ಮೇ ಕೊನೆಗೆ, ಅದಕ್ಕೆ ಮೊದಲೇ ಸುಡು. ಇದು ತಮಾಷೆಯಲ್ಲ.

ಮುಂದಿನ ಹಾಳೆ ಕಳಿಸು.

ಅಕ್ಕ


ಮಾರ್ಚ್ 16

ಅಕ್ಕ,

ಇಷ್ಟು ನಕ್ಕು ಎಷ್ಟು ಕಾಲವಾಗಿತ್ತೋ. ಗೋಂದು ಹಚ್ಚುತ್ತಿದ್ದವಳು ಕುಂಚ ಕೆಳಗಿಟ್ಟು ನಕ್ಕೆ.

ಆ ನೂರಿಪ್ಪತ್ತು ನಿನ್ನ ಹೆಜ್ಜೆಯಲ್ಲ, ನನ್ನದು. ಅಪ್ಪನಿಗೆ ಎಡಗಾಲು ಕುಂಟು, ಅವನ ಒಂದು ಹೆಜ್ಜೆ ಇನ್ನೊಂದರಂತೆ ಬೀಳುತ್ತಿರಲಿಲ್ಲ. ಅದಕ್ಕೆ ನನ್ನನ್ನು ನಡೆಸುತ್ತಿದ್ದ. ಒಂಬತ್ತು ವರ್ಷದವಳು, ಬರಿಗಾಲು, ಹಿಮ್ಮಡಿಗೆ ಬೆರಳು ತಾಗಿಸಿ ಅಡಿಗೆ ಅಡಿ ಕೂಡಿಸಿ ನಡೆಯಬೇಕು, ಜೋರಾಗಿ ಎಣಿಸಬೇಕು. ತಪ್ಪಿದರೆ ಮತ್ತೆ ಬಂಡೆಯಿಂದಲೇ ಶುರು. ನೂರಿಪ್ಪತ್ತು ಎಂದರೆ ಎಷ್ಟಾಗುತ್ತದೆ, ನಿನ್ನ ಮೂವತ್ತೈದು ಹೆಜ್ಜೆಯೂ ಆಗುವುದಿಲ್ಲ. ನೀನು ನಮ್ಮ ಹಿಂದೆಯೇ ನೀರಿನ ಕ್ಯಾನು ಹೊತ್ತು ಬರುತ್ತಿದ್ದೆಯಲ್ಲ, ನೋಡಲಿಲ್ಲವೇ? ಹದಿನೆಂಟು ವರ್ಷದವಳು, ಮೂತಿ ಊದಿಸಿಕೊಂಡು, ನೆಲ ನೋಡಿಕೊಂಡು ಬರುತ್ತಿದ್ದೆ. ನನ್ನ ಅಂಗಾಲು ಆಗ ನಿನ್ನ ಒಂದು ಗೇಣು. ಗೇಣು ಇಟ್ಟು ಅಳೆದವಳೂ ನೀನೇ. ಹೊಸ ಚಪ್ಪಲಿ ತರಲು ಹೋಗುವ ಮುಂಚೆ.

ಗೊತ್ತಿದ್ದೂ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಬೇಡ. ಹೇಳಬೇಕೆನಿಸಲಿಲ್ಲ. ಮಣಿಕಟ್ಟು ಮುರಿದವಳಿಗೆ ಮಾತ್ರ ನನ್ನ ಲೆಕ್ಕದಲ್ಲಿ ಕ್ಷಮೆ ಕೇಳು.

ಈಗ ನಿನ್ನ ಸರದಿ. ಜನವರಿಯ ಕಾಗದದಲ್ಲಿ ಬರೆದಿದ್ದೀ, ನಲವತ್ತೊಂದು ಎಂದು ಅಪ್ಪ ಸಾಯುವ ಎರಡು ದಿನ ಮುಂಚೆ ಹೇಳಿದ ಎಂದು. ಹನ್ನೊಂದು ದಿನ ಪ್ರಜ್ಞೆ ಇಲ್ಲದವನು ಒಂಬತ್ತನೆಯ ದಿನ ಎದ್ದು ಕೂತು ಗಿಡ ಎಣಿಸಿದನೇ?

ನಾನು ಹತ್ತು ಸಲ ಓದುವವಳು ಎಂದು ಮೊದಲೇ ಹೇಳಿದ್ದೆ.

ಒಂದು ಗೇಣಿನವಳು


ಮಾರ್ಚ್ 31

ಚಿಕ್ಕವಳಿಗೆ,

ಎರಡು ಗಂಟೆಯಲ್ಲಿ ಸಿಕ್ಕಿತು. ಬಂಡೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರದಲ್ಲೇ ನಿಂತಿತ್ತು. ತೊಡೆ ಗಾತ್ರದ ಬೇರು. ಆರು ಜನ ಹಾರೆ ಹಾಕಿ ಎಬ್ಬಿಸಿದೆವು, ಕಾಯಿಗಳನ್ನೆಲ್ಲ ಮೊದಲೇ ಚೀಲಕ್ಕೆ ಬಿಡಿಸಿಕೊಂಡು, ಬೇರು ಮೇಲಾಗಿ ಮರಕ್ಕೆ ತೂಗುಹಾಕಿದೆವು, ಮತ್ತೆ ಮಣ್ಣು ಮುಟ್ಟದ ಹಾಗೆ. ತಗಡು ಇನ್ನೂ ಹೊಳೆಯುತ್ತಿತ್ತು. ಕೈ ಮುರಿದವಳಿಗೆ ನಿನ್ನ ಕ್ಷಮೆ ತಲುಪಿಸಿದೆ. ಅವಳು ಅಂದದ್ದು ಬರೆಯುವಂಥದ್ದಲ್ಲ.

ಸರಿ, ಸಿಕ್ಕಿಬಿದ್ದೆ. ಅಪ್ಪನಿಗೆ ಆಗೊಮ್ಮೆ ಈಗೊಮ್ಮೆ ಎಚ್ಚರವಾಗುತ್ತಿತ್ತು. ನೀನು ಮನಸ್ಸಿಗೆ ಹಚ್ಚಿಕೊಳ್ಳಬಾರದೆಂದು ಬರೆಯಲಿಲ್ಲ. ಎಚ್ಚರವಾದಾಗ ಗಿಡದ ಮಾತು, ಸಸಿತೋಟದ ಮಾತು. ನಿನ್ನ ಹೆಸರು ಎತ್ತಲಿಲ್ಲ.

ಒಂದು ಮಾತು ಹೇಳುತ್ತೇನೆ, ಕೇಳು. ನಿನಗೆ ಅಪ್ಪ ಅಂದರೆ ಬಂಡೆಯಿಂದ ಬಂಡೆಗೆ ನಡೆಸಿ "ಭೇಷ್" ಎಂದವನು. ನನಗೆ ಅಪ್ಪ ಅಂದರೆ ನಾಲ್ಕು ವರ್ಷದ ಹಾಸಿಗೆ ಬಟ್ಟೆ. ದಿನಾ ಬೆಳಗ್ಗೆ ಒಗೆದು ಹಾಕಿ, ಹತ್ತು ಮೈಲಿ ನಡೆದು, ಅವನು ನೆಟ್ಟದ್ದನ್ನು ಕೀಳುವುದು. ಸಂಜೆ ಬಂದು ಮತ್ತೆ ಒಗೆಯುವುದು.

ಈಗ ಉದ್ಯಾನದ ಗೇಟಿನಲ್ಲಿ ಹೊಸ ಕ್ರಮ ತಂದಿದ್ದೇನೆ. ಒಳಗೆ ಬರುವವರು ಯಾರೇ ಆಗಲಿ ಚಪ್ಪಲಿ, ಬೂಟಿನ ತಳವನ್ನು ಕುಂಚದಲ್ಲಿ ಉಜ್ಜಿ ತೊಟ್ಟಿಯಲ್ಲಿ ತೊಳೆಯಬೇಕು. ಹೊರಗಿನ ಒಂದು ಬೀಜವೂ ಒಳಗೆ ಬರಕೂಡದು. ಭಾನುವಾರ ಜನ ಜಾಸ್ತಿ, ಆಗ ನಾನೇ ನಿಲ್ಲುತ್ತೇನೆ. ಮಂತ್ರಿ ಬಂದರೂ ಕಾಲು ಎತ್ತಿ ತೋರಿಸಲೇಬೇಕು. ಹಿಂದೆ ನಿಂತು "ಇವಳ್ಯಾವ ಮಹಾರಾಣಿ" ಎಂದು ಗೊಣಗುತ್ತಾರೆ, ಗೊಣಗಲಿ. ಅಲ್ಲೇ ಬೋರ್ಡಿದೆ, "ಮುಂದಿನ ಪೀಳಿಗೆಗಾಗಿ" ಎಂದು. ಅಪ್ಪನೇ ಬರೆದದ್ದು. ಬಣ್ಣ ಮಾಸಿತ್ತು, ಹೋದ ವಾರ ಮತ್ತೆ ಬಳಿಸಿದೆ.

ಉಳಿದ ಮೂರು ಹಾಳೆ ಒಟ್ಟಿಗೆ ಕಳಿಸು. ಕಾಯಿ ಬಲಿಯುತ್ತಿದೆ.

ಅಕ್ಕ


ಏಪ್ರಿಲ್ 14

ಅಕ್ಕ,

ಅರ್ಧ ನಿಜಕ್ಕೆ ಒಂದು ಹಾಳೆ. ಮೂವತ್ತೊಂಬತ್ತನೆಯದು ಇದರ ಜೊತೆ ಇದೆ. ಗೇಣಿನ ಲೆಕ್ಕ ಮರೆಯಬೇಡ.

ಇನ್ನರ್ಧ ಸುಳ್ಳು ಎಂದು ಹೇಗೆ ಗೊತ್ತು ಕೇಳು. ನಲವತ್ತು ಗಿಡ ಅಪ್ಪ ಸಾಹೇಬರ ಮಾತಿಗೆ ನೆಟ್ಟದ್ದು, ಮೂವತ್ತು ವರ್ಷದ ಹಿಂದೆ. ನಲವತ್ತೊಂದನೆಯದನ್ನು ನಾವಿಬ್ಬರೇ ನೆಟ್ಟದ್ದು, ನಾನು ಹೊರಟ ಬೆಳಗ್ಗೆ. ಅದು ಇರುವುದು ಅವನಿಗೆ ಮತ್ತು ನನಗೆ ಮಾತ್ರ ಗೊತ್ತು. ಸಾಯುವ ಮುಂಚೆ ನಲವತ್ತೊಂದು ಎಂದವನು ನನ್ನ ಹೆಸರೆತ್ತದೆ ಆ ಸಂಖ್ಯೆ ಹೇಳಲು ಸಾಧ್ಯವೇ ಇಲ್ಲ.

ನೀನು ಒಗೆದೆ ಎಂದು ಒಪ್ಪುತ್ತೇನೆ. ನಾಲ್ಕು ವರ್ಷದಲ್ಲಿ ಒಂದೇ ಒಂದು ಸಲ "ಬಾ" ಎಂದು ಬರೆದಿದ್ದರೆ ನಾನೂ ಒಗೆಯುತ್ತಿದ್ದೆ. ನಾನು ಮನೆ ಬಿಟ್ಟ ವಾರವೇ "ಇನ್ನು ಈ ಬಾಗಿಲು ತುಳಿದರೆ ಕಾಲು ಮುರಿಯುತ್ತೇನೆ" ಎಂದು ಬರೆದವಳು ನೀನು. ನಾನು ಹೆದರುಪುಕ್ಕಲಿ, ತುಳಿಯಲಿಲ್ಲ. ಅಪ್ಪ ಕರೆದರೆ ಹೋಗೋಣ ಎಂದು ಕಾದೆ. ಕರೆಯಲಿಲ್ಲ ಎಂದು ಸಿಟ್ಟು ಮಾಡಿಕೊಂಡೆ. ಅವನು ಸತ್ತ ಮೇಲೂ ಅವನ ಮೇಲೇ ಸಿಟ್ಟಿತ್ತು, ಜನವರಿಯಲ್ಲಿ ನಿನ್ನ ಕಾಗದ ಬರುವವರೆಗೂ.

ಎರಡು ಹಾಳೆ ಉಳಿದಿವೆ. ಒಂದೇ ಪ್ರಶ್ನೆ. ಅವನು ನನ್ನನ್ನು ಕೇಳಿದನೇ? ನೀನು ಏನು ಹೇಳಿದೆ?

ಈ ಸಲವೂ ಸುಳ್ಳು ಬರೆದರೆ ಆ ಎರಡನ್ನೂ ಯಾವುದಾದರೂ ಪುಸ್ತಕದ ಬೆನ್ನಿನ ಒಳಗೆ ಅಂಟಿಸಿಬಿಡುತ್ತೇನೆ. ಆಮೇಲೆ ಊರೂರಿನ ಗ್ರಂಥಾಲಯ ಅಲೆದು ಹುಡುಕು. ನಿನಗೆ ಹುಡುಕುವುದು ಅಭ್ಯಾಸವಾಗಿದೆಯಲ್ಲ.

ಕಾಯುತ್ತಿರುವವಳು


ಮೇ 5

ಚಿಕ್ಕವಳಿಗೆ,

ಮೂವತ್ತೊಂಬತ್ತು ತೆಗೆದೆವು. ಅದರ ಸುತ್ತ ಸವರಿದ ಜಾಗದಲ್ಲಿ ಹದಿನೈದೇ ದಿನಕ್ಕೆ ಹುಲ್ಲಿನ ಮೊಳಕೆ ಕಂಡಿತು. ಹಳೆಯ ಹುಲ್ಲಿನ ಬೀಜ, ಇಷ್ಟು ವರ್ಷ ಅಡಿಯಲ್ಲಿ ಬಿಸಿಲು ಕಾಯುತ್ತಾ ಇತ್ತು. ಬೆಳಗ್ಗೆ ಹೋದಾಗ ಒಂದು ಜಿಂಕೆ ಬಂದು ಮೂಸಿ ನೋಡುತ್ತಿತ್ತು. ಅದನ್ನು ನೋಡಿ ನಾನು ಕೂತು ಅತ್ತೆ. ಇದನ್ನು ಉಳಿಸಲು ನಾನು ಏನನ್ನಾದರೂ ಬರೆಯುತ್ತೇನೆ, ನಿಜವನ್ನೂ.

ಕೇಳಿದ.

ಕಾಯಿಲೆ ಜೋರಾದ ಮೊದಲ ದಿನವೇ, "ಚಿಕ್ಕವಳಿಗೆ ಬರಿ" ಎಂದ. ಬರೆದೆ. ಲಕೋಟೆ ಅಂಟಿಸಿ ಅವನ ಕಣ್ಣೆದುರೇ ಕೈಚೀಲಕ್ಕೆ ಹಾಕಿಕೊಂಡು ಹೊರಟೆ. ಅಂಚೆ ಡಬ್ಬಿ ಗೇಟಿನ ಪಕ್ಕದಲ್ಲೇ ಇದೆ. ಅದರ ಮುಂದೆ ನಿಂತೆ, ಹಾಕಲಿಲ್ಲ. ಸಂಜೆ ಬಂದು "ಹಾಕಿದೆ" ಎಂದೆ. ಆ ಲಕೋಟೆ ಇವತ್ತಿಗೂ ತಗಡುಗಳಿರುವ ಖಾನೆಯಲ್ಲೇ ಇದೆ.

ಅವನಿಗೆ ಕೊನೆಯವರೆಗೂ ಪ್ರಜ್ಞೆ ಇತ್ತು. ಮಂಚವನ್ನು ಕಿಟಕಿಗೆ ಎಳೆಸಿಕೊಂಡ. ಅಲ್ಲಿಂದ ಗೇಟು ಕಾಣುತ್ತದೆ. ಬಸ್ಸು ನಿಂತ ಸದ್ದಾದಾಗಲೆಲ್ಲ ಮೊಣಕೈ ಊರಿ ಏಳುತ್ತಿದ್ದ. ದಿನಕ್ಕೆ ನಾಲ್ಕು ಬಸ್ಸು. ಐದನೆಯ ದಿನದಿಂದ ಏಳಲು ಆಗುತ್ತಿರಲಿಲ್ಲ, ಕತ್ತು ಮಾತ್ರ ತಿರುಗಿಸುತ್ತಿದ್ದ. ನಾನು ಮನೆಗೆ ಬಂದ ಕೂಡಲೇ "ಉತ್ತರ ಬಂತಾ?" ಎನ್ನುತ್ತಿದ್ದ. "ಇಲ್ಲ" ಎನ್ನುತ್ತಿದ್ದೆ. ಒಂಬತ್ತನೆಯ ದಿನ ಕೇಳಿದ, "ಬರಲ್ಲ ಅಂತಾದ್ರೂ ಬರೆದಿದ್ದಾಳಾ?" ಅದಕ್ಕೂ "ಇಲ್ಲ" ಎಂದೆ. ಆಗ ಅವನು, "ಒಟ್ಟು ನಲವತ್ತೊಂದು ಗಿಡ, ಕೊನೇದು ಅವಳದ್ದು, ಅದನ್ನ ಕೀಳಬೇಡ" ಎಂದ. ಆಮೇಲೆ ಮಾತಾಡಿದ್ದು ಕಡಿಮೆ.

ಯಾಕೆ ಹಾಕಲಿಲ್ಲ ಎಂದರೆ, ನಾಲ್ಕು ವರ್ಷ ನಾನು ತೊಳೆದೆ. ಕೊನೆಗೆ ನೀನು ಬಸ್ಸಿಳಿದು ಬಂದು, ಅವನ ಕೈ ಹಿಡಿದು ಕೂತು, ಹನ್ನೊಂದು ದಿನದಲ್ಲಿ ಮಗಳಾಗಿಬಿಡುವುದನ್ನು ನನಗೆ ಸಹಿಸಲಾಗುತ್ತಿರಲಿಲ್ಲ. ಅವನು ನನ್ನ ಕಡೆ ಒಮ್ಮೆ ತಿರುಗಿ ನೋಡಲಿ ಎಂದಿತ್ತು. ನೋಡಲಿಲ್ಲ. ಗೇಟನ್ನೇ ನೋಡಿದ.

ಇನ್ನೂ ಇದೆ. ಅವನ ಕೈ ನಡುಗುತ್ತಿತ್ತು, ಬರೆಯಲು ಆಗುತ್ತಿರಲಿಲ್ಲ. ನಾಲ್ಕು ವರ್ಷವೂ ನಿನಗೆ ಬರೆದುಕೊಡು ಎಂದು ಕೇಳುತ್ತಿದ್ದ, ನಾನು ನಾಳೆ ನಾಳೆ ಎಂದೆ. ಬದಲಿಗೆ ದಿನಾ ಸಂಜೆ ಮಂಚದ ಪಕ್ಕ ಕೂತು ಅವತ್ತು ಅವನ ಗಿಡ ಎಷ್ಟು ಕಿತ್ತೆ, ಅದರಿಂದ ಎಷ್ಟು ಹುಲ್ಲು ಸತ್ತಿತ್ತು ಎಂದು ವಿವರವಾಗಿ ಹೇಳುತ್ತಿದ್ದೆ. ಅವನು "ನಂಗೆ ಗೊತ್ತಿರ್ಲಿಲ್ಲ ಕಣೇ" ಎನ್ನುತ್ತಿದ್ದ. ಮಾರನೇ ದಿನ ಮತ್ತೆ ಹೇಳುತ್ತಿದ್ದೆ.

ಎಲ್ಲ ಬರೆದಿದ್ದೇನೆ. ನನ್ನನ್ನು ಏನು ಬೇಕಾದರೂ ಅನ್ನು. ಹುಲ್ಲುಗಾವಲು ಏನು ಮಾಡಿದೆ ನಿನಗೆ? ಮೂರು ವಾರವಿದೆ. ಆ ಎರಡು ಹಾಳೆ ಕಳಿಸು.

ಅಕ್ಕ


ಮೇ 26

ಅಕ್ಕ,

ಎರಡೂ ಹಾಳೆ ಇಲ್ಲಿವೆ. ಮಾತು ಮಾತೇ. ಪುಸ್ತಕದ ಹಸಿರು ರಟ್ಟನ್ನೂ ಇಟ್ಟಿದ್ದೇನೆ, ಒಳಗೆ ನಿನಗೆ ಬೇಕಾದದ್ದು ಏನೂ ಉಳಿದಿಲ್ಲ.

ನಲವತ್ತೊಂದು ಎಲ್ಲಿದೆ ಎಂದು ಓದುವ ಮುಂಚೆ ನಾನೇ ಹೇಳುತ್ತೇನೆ. ಹಳೆಯ ಬಸ್ ನಿಲ್ದಾಣದ ಹಿಂದಿನ ಹಳ್ಳದಲ್ಲಿ. ರಸ್ತೆ ಬದಲಾದ ಮೇಲೆ ಅತ್ತ ಯಾರೂ ಹೋಗುವುದಿಲ್ಲ. ಅವತ್ತು ಬಸ್ಸು ಒಂದು ಗಂಟೆ ತಡ. ಅಪ್ಪನ ಜೇಬಿನಲ್ಲಿ ಒಂದು ಸಸಿ ಇತ್ತು, ಕೈ ಸುಮ್ಮನಿರಲಿಲ್ಲ, ನೆಟ್ಟುಬಿಟ್ಟ. "ನಡಿ, ಎಣಿಸು" ಎಂದ. ಇಪ್ಪತ್ತೊಂಬತ್ತು ವರ್ಷದವಳು ಚಪ್ಪಲಿ ಬಿಚ್ಚಿ ಅಡಿಗೆ ಅಡಿ ಕೂಡಿಸಿ ನಡೆದೆ. ಹದಿನೆಂಟು. ಬಸ್ಸು ಬಂತು. ಕೀಳಬೇಡ ಎಂದನಂತೆ. ನೀನು ಕೀಳು, ಪರವಾಗಿಲ್ಲ.

ನಿನ್ನ ಕಾಗದ ನನಗೆ ಸಿಕ್ಕಿದ್ದು ಹತ್ತನೇ ತಾರೀಖು. ಮಾರನೇ ದಿನ ಕೆಲಸಕ್ಕೆ ಹೋದೆ. ಒಂದು ಪುಸ್ತಕದ ಹಾಳೆಗಳನ್ನು ತಲೆಕೆಳಗಾಗಿ ಹೊಲಿದೆ. ಹತ್ತು ವರ್ಷದಲ್ಲಿ ಒಮ್ಮೆಯೂ ಇಂಥ ತಪ್ಪು ಮಾಡಿರಲಿಲ್ಲ ಎಂದು ಯಜಮಾನರು ಬೈದರು. ಬೈಸಿಕೊಂಡು ಮನೆಗೆ ಬಂದು ಬಾಲ್ಕನಿಯಲ್ಲಿ ಕೂತೆ. ಗಿಡ ನೋಡಿದೆ. ನಗರದಲ್ಲಿ ಬಿಸಿ ಜಾಸ್ತಿ, ಇಲ್ಲಿ ಕಾಯಿ ಬೇಗ ಬಲಿಯುತ್ತದೆ.

ಹೋದ ಭಾನುವಾರ ನಾನು ಉದ್ಯಾನಕ್ಕೆ ಬಂದಿದ್ದೆ. ಟಿಕೆಟ್ಟು ತೆಗೆದುಕೊಂಡೆ, ಸಾಲಿನಲ್ಲಿ ನಿಂತೆ. ನೀನು ಗೇಟಿನಲ್ಲಿದ್ದೆ. ಕೂದಲು ಪೂರ್ತಿ ಬೆಳ್ಳಗಾಗಿದೆ, ಅದು ನನಗೆ ಗೊತ್ತಿರಲಿಲ್ಲ. ನನ್ನ ಸರದಿ ಬಂದಾಗ ನೀನು "ಕಾಲೆತ್ತಿ" ಎಂದೆ. ನಾನು ಎತ್ತಿದೆ. "ಹಿಮ್ಮಡಿ ಹತ್ರ ಮಣ್ಣಿದೆ, ಇನ್ನೊಂದ್ಸಲ ಉಜ್ಜಿ" ಎಂದೆ. ಉಜ್ಜಿದೆ. "ಹೋಗಿ" ಎಂದೆ. ನಿನ್ನ ತಂಗಿ ನಿನ್ನಿಂದ ಒಂದು ಮೊಳ ದೂರದಲ್ಲಿ ನಿಂತಿದ್ದಳು, ನೀನು ಒಂದು ಸಲವೂ ತಲೆ ಎತ್ತಲಿಲ್ಲ. ಎತ್ತಿದ್ದರೆ ನಾನು ಏನು ಮಾಡುತ್ತಿದ್ದೆನೋ ನನಗೇ ಗೊತ್ತಿಲ್ಲ. ಬಸ್ಸಿನಲ್ಲಿ ಬರುವಾಗ, ಎತ್ತಲಿ ಎಂದೇ ಇತ್ತು.

ಒಳಗೆ ಹೋದೆ. ಗೇಟಿನಿಂದ ವೀಕ್ಷಣಾ ಕಟ್ಟೆಯವರೆಗೆ ಹುಲ್ಲುಗಾವಲಿನ ನಡುವೆ ಆರು ಕಿಲೋಮೀಟರು ಕಾಲುದಾರಿ. ಹೋಗುತ್ತಾ ಆರು, ಬರುತ್ತಾ ಆರು. ನೀನು ಕಿತ್ತು ಬಯಲು ಮಾಡಿದ ಜಾಗಗಳನ್ನೆಲ್ಲ ನೋಡಿದೆ. ಹೊಸ ಹುಲ್ಲು ನಿಜವಾಗಿಯೂ ಚೆನ್ನಾಗಿ ಬಂದಿದೆ. ಜಿಂಕೆಗಳನ್ನೂ ನೋಡಿದೆ.

ನನ್ನ ಜೇಬಿನಲ್ಲಿ ಬಾಲ್ಕನಿಯ ಕಾಯಿಗಳಿದ್ದವು. ಒಂದು ಮುಷ್ಟಿ. ನೀನು ಕಾಲಿನ ತಳ ನೋಡುತ್ತೀ, ಜೇಬು ನೋಡುವುದಿಲ್ಲ.

ಹಾಕಿದೆನೋ, ಹಾಗೆಯೇ ಜೇಬಿನಲ್ಲಿ ವಾಪಸ್ಸು ತಂದೆನೋ, ಅದನ್ನು ನಾನು ಹೇಳುವುದಿಲ್ಲ. ಹಾಕಿದ್ದರೆ ಎಲ್ಲಿ ಎಂದೂ ಹೇಳುವುದಿಲ್ಲ. ಏಳು ಮಳೆಗಾಲ ಎಂದು ನೀನೇ ಬರೆದಿದ್ದೀ. ಅಪ್ಪ ಹನ್ನೊಂದು ದಿನ ಗೇಟು ನೋಡಿದ. ನೀನು ನೆಲ ನೋಡಿಕೊಂಡಿರು.

ಇದೇ ನನ್ನ ಕೊನೆಯ ಕಾಗದ.

ಅಪ್ಪನ ಚಿಕ್ಕ ಮಗಳು


ಜುಲೈ 12

ಚಿಕ್ಕವಳಿಗೆ,

ನಲವತ್ತನೆಯದನ್ನು ಮಳೆ ಬೀಳುವ ಹಿಂದಿನ ದಿನ ತೆಗೆದೆವು. ನಲವತ್ತೊಂದನ್ನು ಕೀಳಲು ಒಬ್ಬಳೇ ಹೋದೆ. ಹಳೆಯ ನಿಲ್ದಾಣದ ಗೋಡೆಯನ್ನೇ ಸೀಳಿಕೊಂಡು ಬೆಳೆದಿತ್ತು. ಇಡೀ ದಿನ ಹಿಡಿಯಿತು. ಬುಡದಲ್ಲಿ ತಗಡು ಸಿಕ್ಕಿತು, ನಂಬರಿನ ಕೆಳಗೆ ಮೊಳೆಯಿಂದ ಗೀಚಿ "ಚಿಕ್ಕವಳು" ಎಂದು ಬರೆದಿದ್ದ. ಅದನ್ನು ನಿನಗೆ ಕಳಿಸುತ್ತಿದ್ದೇನೆ. ಕಳಿಸದೆ ಇಟ್ಟುಕೊಂಡಿದ್ದ ಆ ಲಕೋಟೆಯನ್ನೂ. ಒಡೆದಿಲ್ಲ.

ಸಾಹೇಬರು ತುಂಬ ಖುಷಿಯಾಗಿ ಕಾಗದ ತಂದರು. ಹುಲ್ಲುಗಾವಲಿನಲ್ಲಿ ತಾಯಿಗಿಡ ಒಂದೂ ಉಳಿದಿಲ್ಲ, ಇನ್ನು ಹೊಸ ಬೀಜ ಬೀಳುವುದಿಲ್ಲ ಎಂದು ಮೇಲ್ವಿಚಾರಕಿ ಸಹಿ ಹಾಕಬೇಕು. "ಎಂಟು ವರ್ಷ ಕಷ್ಟಪಟ್ಟಿದ್ದೀರಿ, ಹಾಕಿ" ಎಂದರು. ನಾನು ಪೆನ್ನು ಕೆಳಗಿಟ್ಟೆ. ಕಾರಣ ಕೇಳಿದರು, ಇನ್ನೊಂದು ಮಳೆ ನೋಡೋಣ ಎಂದೆ. ಏನೆಂದು ಹೇಳಲಿ?

ಕಾಲುದಾರಿಯಲ್ಲಿ ದಿನಾ ನಡೆಯುತ್ತಿದ್ದೇನೆ. ಅದರ ಅಕ್ಕಪಕ್ಕ ನಾವು ಎಂಟು ವರ್ಷದ ಹಿಂದೆಯೇ ಕಿತ್ತದ್ದು, ಹಳೆಯ ಬೀಜ ಉಳಿದಿಲ್ಲ, ಅಲ್ಲಿ ಎದ್ದರೆ ಅದು ನಿನ್ನದೇ. ಮೊದಲ ಮಳೆಗೆ ಎಲ್ಲ ಮೊಳಕೆಯೂ ಒಂದೇ ಥರ ಕಾಣುತ್ತದೆ, ಎರಡು ಎಲೆ, ಹಸಿರು. ಮಂಡಿಯೂರಿ ಒಂದೊಂದನ್ನೂ ನೋಡಬೇಕು. ಬಂದವರು ಏನೋ ಕಳೆದುಕೊಂಡಿದ್ದಾಳೆ ಎಂದುಕೊಂಡು ತಾವೂ ಬಗ್ಗಿ ಹುಡುಕುತ್ತಾರೆ. ಇದುವರೆಗೆ ಏನೂ ಸಿಕ್ಕಿಲ್ಲ.

ಗೇಟಿನಲ್ಲಿ ಈಗ ಎಲ್ಲರ ಮುಖ ನೋಡುತ್ತೇನೆ.

ಎಲ್ಲಿ ಹಾಕಿದ್ದೀ, ಬರಿ. ನಾನು ಮಾಡಿದ್ದಕ್ಕೆ ನನ್ನನ್ನು ಬೈ, ಬಂದು ಹೊಡಿ.

ಅಕ್ಕ


ಮರುವರ್ಷ, ಜುಲೈ 3

ಚಿಕ್ಕವಳಿಗೆ,

ಹೋದ ವರ್ಷದ ಕಾಗದ, ತಗಡು, ಲಕೋಟೆ ಯಾವುದೂ ವಾಪಸ್ಸು ಬಂದಿಲ್ಲ. ಅಂದರೆ ನಿನಗೆ ತಲುಪಿವೆ. ಆಮೇಲೆ ಬರೆದ ನಾಲ್ಕು ಕಾಗದಗಳೂ ತಲುಪಿರಬೇಕು.

ಎರಡನೆಯ ಮಳೆ ಶುರುವಾಗಿದೆ. ಆರು ಕಿಲೋಮೀಟರನ್ನು ತುಂಡು ತುಂಡು ಮಾಡಿ ಹಗ್ಗ ಕಟ್ಟಿದ್ದೇನೆ, ದಿನಕ್ಕೆ ಒಂದು ತುಂಡು. ಮುಂದಿನ ವರ್ಷ ನನ್ನ ಕೆಲಸದ ಗುತ್ತಿಗೆ ಮುಗಿಯುತ್ತದೆ. ಇನ್ನೂ ಐದು ಮಳೆಗಾಲ ಉಳಿದಿರುತ್ತದೆ. ಟಿಕೆಟ್ಟು ತೆಗೆದುಕೊಂಡು ಬರುತ್ತೇನೆ ಎಂದು ಸಾಹೇಬರಿಗೆ ಹೇಳಿದ್ದೇನೆ. ಅವರು ನಕ್ಕರು.

ಮಂಚ ಇನ್ನೂ ಕಿಟಕಿಯ ಹತ್ತಿರವೇ ಇದೆ. ನಾನು ಅದರ ಮೇಲೆಯೇ ಮಲಗುವುದು. ಅಂಚೆಯವನು ಹನ್ನೊಂದು ಗಂಟೆಯ ಬಸ್ಸಿಗೆ ಬರುತ್ತಾನೆ.

ಈ ವರ್ಷವೂ ಏನೂ ಎದ್ದಿಲ್ಲ. ಎಲ್ಲಿ ಎಂದು ಹೇಳಬೇಡ, ಆಯಿತು.

ಹಾಕಿಲ್ಲ ಅಂತಾದರೂ ಬರಿ.

ಅಕ್ಕ